ಹುರುಳಿ ಹಾಸಿದ ರಸ್ತೆ

ಕಾಶವ್ವನನ್ನು ಮಣ್ಣು ಮಾಡಿದ ಮರುದಿನ ಮುಂಜಾನೆ ಚಂದ್ರವ್ವ ಬೀಡಿ ಎಂಬ ಊರಿನ ಹೊರಗಿನ ಇಳಿಜಾರಿನಲ್ಲಿ ಒಬ್ಬಳೇ ನಿಂತು ಡಾಂಬರು ರಸ್ತೆಯನ್ನು ನೋಡುತ್ತಿದ್ದಳು. ಸತ್ತವಳು ಅವಳ ಅಣ್ಣ ಸಿದ್ದಪ್ಪನ ಹೆಂಡತಿ. ಕಾಶವ್ವನ ಮೇಲೆ ಹಾದದ್ದು ಮೌಲಾಸಾಬ ನಡೆಸುತ್ತಿದ್ದ ಹಂಚಿನ ಲಾರಿ. ಈ ಎರಡು ಮಾತುಗಳ ಬಗ್ಗೆ ಊರಿನಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೂರನೆಯದೊಂದು ಮಾತು ಮಾತ್ರ ಕಟ್ಟೆಯಿಂದ ಕಟ್ಟೆಗೆ ಬೆಳೆಯುತ್ತ ಹೋಗಿತ್ತು. ಮೌಲಾಸಾಬ ಬ್ರೇಕ್ ಹಾಕಲೇ ಇಲ್ಲ, ಸ್ಟೇರಿಂಗ್ ಹಿಡಿದು ಕೂತೇ ತೂಕಡಿಸಿದ್ದ ಎಂಬ ಮಾತು.

ಅದು ೧೯೮೨ರ ಜನವರಿ. ಆ ಭಾಗದಲ್ಲಿ ಹುರುಳಿ ಕಿತ್ತು ಒಣಗಿಸುವ ಕಾಲ. ರಸ್ತೆಗೆ ಡಾಂಬರು ಬಿದ್ದ ಮೇಲೆ ರೈತರಿಗೆ ಹೊಸದೊಂದು ಅನುಕೂಲ ಸಿಕ್ಕಿತ್ತು. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ದಿನಗಟ್ಟಲೆ ತುಳಿಸುವುದನ್ನು ಬಿಟ್ಟು, ಬಳ್ಳಿ ಸಮೇತ ಹುರುಳಿಯನ್ನು ರಸ್ತೆಯ ಅರ್ಧಕ್ಕೆ ಹಾಸಿಬಿಡುವುದು. ಅಂಚಿಗೆ ಸಾಲಾಗಿ ಕಲ್ಲಿಡುವುದು. ಬಸ್ಸು, ಲಾರಿ, ಚಕ್ಕಡಿಗಳು ಹೋಗುತ್ತ ಬರುತ್ತ ತುಳಿದು ಕಾಯಿ ಬಿಡಿಸಿಕೊಡುತ್ತಿದ್ದವು. ಹೆಂಗಸರು ಕೋಲು ಹಿಡಿದು ಬಳ್ಳಿಯನ್ನು ತಿರುವಿ ಹಾಕುತ್ತ ನಿಲ್ಲುತ್ತಿದ್ದರು. ಕೆಲವು ಡ್ರೈವರುಗಳು ಬೈದುಕೊಂಡು ಬಾಜೂಕ್ಕೆ ಹಾಯ್ದು ಹೋಗುತ್ತಿದ್ದರು. ಮೌಲಾಸಾಬ ಹಾಗೆ ಹೋಗುವವನಲ್ಲ. ಖಾನಾಪುರದ ಬಾಳಾಸಾಹೇಬನ ಭಟ್ಟಿಯಿಂದ ಹಂಚು ತುಂಬಿಕೊಂಡು ಬರುವಾಗ ಸಿದ್ದಪ್ಪನ ರಾಶಿ ಕಂಡರೆ ಗೇರು ಇಳಿಸಿ, ಬೇಕೆಂದೇ ಬಳ್ಳಿಯ ಮೇಲೆ ಗಾಲಿ ಹಾಯಿಸಿ, ಮುಂದೆ ನಿಲ್ಲಿಸಿ ಒಂದು ತಂಬಿಗೆ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಅವನೂ ಚಂದ್ರವ್ವನ ತಂದೆಯೂ ಗೆಳೆಯರಾಗಿದ್ದರು. ಚಂದ್ರವ್ವ ಖಾನಾಪುರದ ಹೈಸ್ಕೂಲಿಗೆ ಹೋಗುತ್ತಿದ್ದಾಗ ಬಸ್ಸು ತಪ್ಪಿದ ದಿನಗಳಲ್ಲಿ ಅವನ ಲಾರಿಯೇ ಅವಳಿಗೆ ಗತಿ.

ಆ ದಿನ ಲಾರಿಯ ಸಪ್ಪಳ ಕೇಳಿ ಕಾಶವ್ವ ರಸ್ತೆ ಬಿಟ್ಟು ಸರಿದು ನಿಂತಿದ್ದಳಂತೆ. ಆಮೇಲೆ ಏನು ಹೊಳೆಯಿತೋ, ಗಾಲಿ ಬರುವ ಜಾಗದಲ್ಲಿ ಒಂದು ಕಲ್ಲು ಬಿದ್ದಿದೆಯೆಂದು ಅದನ್ನು ಸರಿಸಲು ತಿರುಗಿ ಬಳ್ಳಿಯ ನಡುವೆ ಬಂದು ಬಗ್ಗಿದಳು. ಮೌಲಾಸಾಬನ ಲಾರಿಗೆ ತೊಂದರೆಯಾಗಬಾರದೆಂದು.

ಚಂದ್ರವ್ವ ಬೆಳಗಾವಿಯ ಹುಡುಗಿಯರ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಅಳುವುದನ್ನು ಮನೆಯಲ್ಲಿ ಮುಗಿಸಿ, ಇಲ್ಲಿಗೆ ಬಂದದ್ದು ನೋಡುವುದಕ್ಕೆ. ನೋಡಿದಳು. ಹುರುಳಿ ಶುರುವಾಗುವ ಮೊದಲೇ ಡಾಂಬರಿನ ಮೇಲೆ ಕಪ್ಪಗೆ ಗಾಲಿಯ ಗೆರೆಗಳಿದ್ದವು. ಉರುಳುವ ಗಾಲಿ ಇಂಥ ಗೆರೆ ಬಿಡುವುದಿಲ್ಲ. ಇದು ಬಿಗಿದು ನಿಂತ ಗಾಲಿಯ ರಬ್ಬರು ತೇಯ್ದ ಗೆರೆ. ಮುಂದೆ ಬಳ್ಳಿಯ ಹಾಸಿನಲ್ಲಿ ಅದೇ ಗೆರೆಗಳ ನೇರಕ್ಕೆ ಯಾರೋ ಹಲಗೆಯಿಂದ ಗುಡಿಸಿದಂತೆ ಎರಡು ಪಟ್ಟೆಗಳಿದ್ದವು. ಅವು ಎಲ್ಲಿಯೂ ಬಾಗಿರಲಿಲ್ಲ.

ಅವಳು ಮನೆಗೆ ಬಂದು ಅಣ್ಣನಿಗೆ ಹೇಳಿದಳು: "ಮೌಲಾಕಾಕಾ ಬ್ರೇಕ್ ಹಾಕ್ಯಾನ, ಅಣ್ಣಾ. ದೂರದಿಂದನ ಹಾಕ್ಯಾನ. ಕಲೆ ಅದಾವು, ಬಾ ತೋರಸ್ತೀನಿ."

ಪಡಸಾಲೆಯ ಗೋಡೆಗೆ ಒರಗಿದ್ದ ಸಿದ್ದಪ್ಪ ತಲೆ ಎತ್ತಲಿಲ್ಲ. "ಬ್ರೇಕ್ ಹಾಕಿದ್ರ ಗಾಡಿ ನಿಲ್ಲತೈತಿ. ನಿಂತಿಲ್ಲ. ನಿನ್ನ ಕಾಲೇಜಿನ ಮಾತು ನನಗ ಬ್ಯಾಡ."

ಆದರೆ ತನಿಖೆಗೆ ಬಂದ ಪೊಲೀಸ್ ಫೌಜದಾರರು ಅವಳ ಮಾತು ಕೇಳಿದರು. ಅವಳು ಜೊತೆಗೆ ಹೋಗಿ ತೋರಿಸಿದ ಮೇಲೆ ಗೆರೆಗಳನ್ನು ಅಳೆದು ಬರೆದುಕೊಂಡರು. ಮೌಲಾಸಾಬನ ಮೇಲಿನ ಖಟ್ಲೆ ಮುಂದೆ ನಡೆಯಲಿಲ್ಲ. ಸಿದ್ದಪ್ಪ ಮಾತ್ರ ಅವನೊಂದಿಗೆ ಮಾತು ಬಿಟ್ಟ. ಹಂಚಿನ ಲಾರಿ ಬರುತ್ತಿದ್ದರೆ ಹೊಲದಲ್ಲಿ ಇದ್ದಲ್ಲಿಯೇ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

ಬೆಳಗಾವಿಗೆ ಹೊರಟಾಗ ಚಂದ್ರವ್ವ ಅಂಗಳದ ಮೂಲೆಯಲ್ಲಿ ಒಟ್ಟಿದ್ದ ಹುರುಳಿ ಬಳ್ಳಿಯಿಂದ ಒಂದು ಹಿಡಿಕಟ್ಟು ಕಿತ್ತು ಚೀಲದಲ್ಲಿ ಹಾಕಿಕೊಂಡಳು. ಬ್ರೇಕ್ ಹಾಕಿದ್ದು ನಿಜ. ಹಾಗಿದ್ದರೆ ಯಾಕೆ ನಿಲ್ಲಲಿಲ್ಲ? ಅಣ್ಣ ಸಿಟ್ಟಿನಲ್ಲಿ ಎಸೆದ ಮಾತೇ ಪ್ರಶ್ನೆಯಾಗಿ ಅವಳ ಬೆನ್ನು ಹತ್ತಿತ್ತು.

ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲೆ ಕಡಪಾ ಕಲ್ಲಿನ ಹಲಗೆ ಇಟ್ಟು, ಅದರ ಮೇಲೆ ಬಳ್ಳಿ ಹರಡುತ್ತಿದ್ದಾಗ ಜವಾನ ಈರಯ್ಯ ಬಾಗಿಲಲ್ಲಿ ನಿಂತು ಬಾಯಿ ತೆರೆದ.

"ಇದೇನ್ರೀ ಬಾಯಾರ, ಹೊಟ್ಟು ಮೇವು! ಕಾಲೇಜಿನ್ಯಾಗ ಎಮ್ಮಿ ಕಟ್ಟಾವ್ರೇನು?"

"ಪ್ರಯೋಗ ಐತಿ ಈರಯ್ಯ."

"ಮಾಡ್ರಿ, ಮಾಡ್ರಿ. ಸಗಣಿ ಬಳ್ಯಾಕಷ್ಟ ನನ್ನ ಕರೀಬ್ಯಾಡ್ರಿ."

ಅವಳು ನಗಲಿಲ್ಲ. ಮರದ ತುಂಡೊಂದರ ಅಡಿಗೆ ಹಳೆಯ ಟೈರಿನ ಚೂರು ಮೊಳೆ ಹೊಡೆದು, ಮೇಲೆ ತೂಕದ ಬಟ್ಟು ಹೇರಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದಳು. ಮೊದಲು ಬರಿಯ ಕಲ್ಲಿನ ಮೇಲೆ. ತಕ್ಕಡಿಯ ಮುಳ್ಳು ಏರುತ್ತ ಏರುತ್ತ ಹೋಯಿತು, ತುಂಡು ಮಿಸುಕಲಿಲ್ಲ. ಒಂದು ಹಂತಕ್ಕೆ ಬಂದು ಸರಕ್ಕನೆ ಕಿತ್ತುಕೊಂಡು ಜಾರಿತು, ಆ ಗಳಿಗೆಯಲ್ಲೇ ಮುಳ್ಳು ಸ್ವಲ್ಪ ಕೆಳಗಿಳಿಯಿತು. ಆಮೇಲೆ ಬಳ್ಳಿಯ ಮೇಲೆ ಎಳೆದಳು. ಮುಳ್ಳು ಮೊದಲಿನಷ್ಟು ಏರಲಿಲ್ಲ. ಜಾರಲು ಶುರುವಾದದ್ದೇ ತಡ, ಏರಿದ್ದರ ಅರ್ಧಕ್ಕೆ ಕುಸಿದುಬಿಟ್ಟಿತು. ಒಣಗಿದ ಕಾಯಿ ಸಿಡಿದು ಹೊರಬಿದ್ದ ಕಾಳು, ನುಣುಪಾದ ಕಡ್ಡಿ, ಎಲ್ಲವೂ ರಬ್ಬರಿನ ಕೆಳಗೆ ಉರುಳತೊಡಗಿದ್ದವು. ಮತ್ತೆ ಎಳೆದಳು. ಬಟ್ಟು ಬದಲಿಸಿ ಎಳೆದಳು. ಬಳ್ಳಿ ಹೊರಳಿಸಿ ಎಳೆದಳು. ಪ್ರತಿ ಸಲವೂ ಅದೇ.

ಇದು ಅವಳಿಗೆ ಹೊಸ ಪಾಠವಲ್ಲ. ವರ್ಷ ವರ್ಷ ಹುಡುಗಿಯರಿಗೆ ಹೇಳುತ್ತಿದ್ದದ್ದೇ. ಕಾಳಿನ ಚೀಲವನ್ನು ನೆಲದ ಮೇಲೆ ದಬ್ಬಿ ನೋಡಿದವರಿಗೆಲ್ಲ ಗೊತ್ತು, ಅದನ್ನು ಮೊದಲು ಅಲುಗಿಸುವುದಕ್ಕೆ ಬೇಕಾದಷ್ಟು ಬಲ ಆಮೇಲೆ ಸರಿಸಿಕೊಂಡು ಹೋಗುವುದಕ್ಕೆ ಬೇಡ. ಎರಡು ಮೈಗಳು ಒಂದರ ಮೇಲೊಂದು ಕದಲದೆ ಇದ್ದಾಗ ಅವುಗಳ ನಡುವಿನ ಹಿಡಿತ ಸ್ಥಾಯಿ ಘರ್ಷಣೆ. ಜಾರಿದ ಮೇಲೆ ಉಳಿಯುವುದು ಜಾರು ಘರ್ಷಣೆ, ಅದು ಕಡಿಮೆ. ಇಷ್ಟನ್ನು ಹುಡುಗಿಯರು ಒಪ್ಪುತ್ತಿದ್ದರು. ಅವರಿಗೆ ನಂಬುವುದಕ್ಕೆ ಕಷ್ಟವಾಗುತ್ತಿದ್ದದ್ದು ಗಾಲಿಯ ಮಾತು. ಉರುಳುವ ಗಾಲಿಯ ಯಾವ ಭಾಗ ನೆಲಕ್ಕೆ ತಾಗಿದೆಯೋ ಅದು ಆ ಕ್ಷಣದ ಮಟ್ಟಿಗೆ ನಿಂತೇ ಇರುತ್ತದೆ, ನಡೆಯುವವನ ಊರಿದ ಪಾದ ನಿಂತಿರುವ ಹಾಗೆ. ಆದ್ದರಿಂದ ಉರುಳುವ ಗಾಲಿಗೆ ನೆಲದ ಹೆಚ್ಚಿನ ಹಿಡಿತವೇ ಸಿಗುತ್ತದೆ. ಬ್ರೇಕ್ ಬಿಗಿದು ಗಾಲಿ ಪೂರ್ತಿ ನಿಂತರೆ ಅದು ಜಾರುತ್ತದೆ, ಹಿಡಿತ ಕೈಬಿಡುತ್ತದೆ. ಜಾರುವ ಗಾಲಿಗೆ ಎಡ ಬಲ ತಿಳಿಯುವುದಿಲ್ಲ. ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ಹೊರಟ ದಿಕ್ಕಿಗೇ ಹೋಗುತ್ತದೆ.

ಅವಳು ಬಳ್ಳಿಯ ಹಾಸಿನಲ್ಲಿದ್ದ ಆ ಬಾಗದ ಪಟ್ಟೆಗಳನ್ನು ನೆನೆದಳು. ಲೆಕ್ಕ ಹಾಕಿದಳು. ಎಷ್ಟು ಸಲ ಹಾಕಿದರೂ ಉತ್ತರ ಒಂದೇ ಕಡೆ ವಾಲುತ್ತಿತ್ತು. ಮೌಲಾಸಾಬ ಅಷ್ಟು ಬಿಗಿಯಾಗಿ ತುಳಿಯದೆ, ಗಾಲಿ ಉರುಳುತ್ತಲೇ ಇರುವ ಹಾಗೆ ತುಳಿದಿದ್ದರೆ, ಅಥವಾ ಜಾರಿದೊಡನೆ ಕಾಲು ಒಂದಿಷ್ಟು ಸಡಿಲಿಸಿದ್ದರೆ, ಲಾರಿ ಬಲಕ್ಕೆ ತಿರುಗುತ್ತಿತ್ತು. ಕಾಶವ್ವ ಉಳಿಯುತ್ತಿದ್ದಳು. ಅವನನ್ನು ನಿರಪರಾಧಿ ಎಂದು ಸಾರಿದ ಕಪ್ಪು ಗೆರೆಗಳೇ ಇದನ್ನೂ ಹೇಳುತ್ತಿದ್ದವು.

ಆ ವಾರದ ಕೊನೆಗೆ ಮೌಲಾಸಾಬನೇ ಹುಡುಕಿಕೊಂಡು ಕಾಲೇಜಿಗೆ ಬಂದ. ಜೊತೆಗೆ ಹೆಂಡತಿ ರಾಜಬೀ. ತರಗತಿಗಳು ಮುಗಿದಿದ್ದವು. ಅವನು ಪ್ರಯೋಗಾಲಯದ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ರಾಜಬೀ ಮೊದಲು ಒಳಗೆ ಬಂದು ಚಂದ್ರವ್ವನ ಕೈ ಹಿಡಿದಳು.

"ಊಟಾ ಬಿಟ್ಟಾನವ್ವಾ. ಗಾಡಿ ಹತ್ತಾಂಗಿಲ್ಲ. ಬಾಳಾಸಾಹೇಬ ಮನೀತನಕ ಬಂದು ಕರದ್ರೂ ಒಲ್ಲೆ ಅಂತಾನ. ಕಾಶವ್ವನ ಕಣ್ಣು ಕಾಣತಾವಂತ. ನಿನ್ನ ಮಾತ ಅಂದ್ರ ಅವಗ ಕುರಾನ್ ಇದ್ಧಾಂಗ. ಏನರ ಹೇಳು, ಹೊಟ್ಟಿಗಿ ಅನ್ನ ಇಳಿಯೂವಂಥಾದ್ದು."

ಮೌಲಾಸಾಬ ಒಳಗೆ ಬಂದ. ಒಂದೇ ವಾರದಲ್ಲಿ ಅಂಗಿ ಅವನ ಮೈಮೇಲೆ ದೊಡ್ಡದಾಗಿತ್ತು.

"ಕುಂದರ್ರಿ ಕಾಕಾ."

ಅವನು ಕೂರಲಿಲ್ಲ. ಮೇಜಿನ ಮೇಲೆ ಹಾಗೆಯೇ ಇದ್ದ ಬಳ್ಳಿಯನ್ನೂ ಟೈರಿನ ಚೂರು ಹೊಡೆದ ಮರದ ತುಂಡನ್ನೂ ನೋಡಿದ.

"ಇದೇನವ್ವಾ?"

"ಹುಡುಗ್ಯಾರ ಪ್ರಾಕ್ಟಿಕಲ್ ಕಾಕಾ."

ಅವನು ತಲೆಯಾಡಿಸಿದ. ಆಮೇಲೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೊರಗಿಟ್ಟ. "ಚಂದ್ರೂ, ಒಂದ ಕೇಳತೀನಿ, ಖರೇ ಹೇಳಬೇಕು. ನಾ ಬ್ರೇಕ್ ಪೂರಾ ತುಳದೀನಿ, ಕಾಲಾಗ ಇದ್ದ ಜೀವಾ ಎಲ್ಲಾ ಹಾಕಿ. ಮಳಿಗಾಲದ ರಾಡಿ ಆಗಿದ್ರ ಒಂದ ಮಾತು, ರಾಡ್ಯಾಗ ನಾ ಬ್ರೇಕ್ ಮುಟ್ಟಾಂವನ ಅಲ್ಲ, ಗೇರಿನ ಮ್ಯಾಲ ಇಳಸ್ತೀನಿ. ಇದು ಒಣಾ ರಸ್ತಾ. ಗಾಡಿ ಯಾಕ ನಿಲ್ಲಲಿಲ್ಲ? ಸ್ಟೇರಿಂಗ್ ಬಲಕ್ಕ ಒಗದ್ನಿ, ಬಲಕ್ಕ ಖಾಲಿ ಇತ್ತು. ಗಾಡಿ ನನ್ನ ಮಾತ ಕೇಳಲಿಲ್ಲ. ನಾ ಬ್ಯಾರೇ ಏನರ ಮಾಡಿದ್ರ ಆಕಿ ಉಳೀತಿದ್ಲೇನು?"

ರಾಜಬೀ ಅವನ ಬೆನ್ನ ಹಿಂದಿನಿಂದ ಚಂದ್ರವ್ವನನ್ನೇ ನೋಡುತ್ತಿದ್ದಳು.

"ಇಲ್ಲ ಕಾಕಾ," ಎಂದಳು ಚಂದ್ರವ್ವ. "ಏನ ಮಾಡಿದ್ರೂ ನಿಲ್ಲತಿರಲಿಲ್ಲ."

ಇಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಅವನ ಮುಖದ ಗಂಟು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ, ಅವಳು ಮತ್ತೊಂದು ಮಾತು ಕೂಡಿಸಿದಳು: "ನೀವು ಪೂರಾ ತುಳದಿದ್ದ ಬರೊಬ್ಬರಿ. ಅದಕಿಂತ ಚೊಲೋದು ಮಾಡಾಕ ಯಾರಿಗೂ ಬರತಿರಲಿಲ್ಲ."

"ಲೆಕ್ಕಾ ಮಾಡಿ ಹೇಳತಿಯೇನು?"

"ಲೆಕ್ಕಾ ಮಾಡೇ ಹೇಳತೀನಿ."

ಮೌಲಾಸಾಬ ಆಗ ಕುರ್ಚಿಯ ಮೇಲೆ ಕೂತ. ಅಂಗೈಯಿಂದ ಮುಖ ಒರೆಸಿಕೊಂಡ. ಈರಯ್ಯ ತಂದ ಚಹಾದಲ್ಲಿ ಬ್ರೆಡ್ಡು ಅದ್ದಿ ಅವನು ತಿನ್ನುವುದನ್ನು ರಾಜಬೀ ಕಣ್ಣು ತುಂಬಿ ನೋಡಿದಳು. ಅವರನ್ನು ಬಸ್ಸು ಹತ್ತಿಸಿ ಬಂದ ಚಂದ್ರವ್ವ ಬಳ್ಳಿಯನ್ನು ತಾನೇ ಗುಡಿಸಿ ಹೊರಗೆ ಹಾಕಿದಳು. ಒಬ್ಬ ಮನುಷ್ಯ ಉಣ್ಣುವುದು ಮುಖ್ಯ, ಸತ್ತವಳಂತೂ ಲೆಕ್ಕದಿಂದ ತಿರುಗಿ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ.

ಮೌಲಾಸಾಬ ಮತ್ತೆ ಲಾರಿ ಹತ್ತಿದ ಸುದ್ದಿ ಬಂತು. ಮಳೆಗಾಲ ಬಂತು. ಹೊಸ ವರ್ಷದ ಹುಡುಗಿಯರಿಗೆ ಘರ್ಷಣೆಯ ಪಾಠ ಮಾಡುತ್ತಿದ್ದಾಗ ಕಾಕತಿಯಿಂದ ಬರುತ್ತಿದ್ದ ಒಬ್ಬ ಚುರುಕು ಹುಡುಗಿ ಎದ್ದು ನಿಂತು ಕೇಳಿದಳು: "ಹಂಗಿದ್ರ ಬ್ರೇಕ್ ಪೂರಾ ಒತ್ತಿದ್ರ ಗಾಡಿ ತಡಾ ಮಾಡಿ ನಿಲ್ಲತೈತೇನ್ರೀ ಬಾಯಾರ?" ಚಂದ್ರವ್ವನ ಕೈಯಲ್ಲಿ ಸೀಮೆಸುಣ್ಣ ನಿಂತಿತು. "ಅದು ಪರೀಕ್ಷಾಕ ಬರಾಂಗಿಲ್ಲ, ಕುಂದರು," ಎಂದು ಹಲಗೆಯ ಕಡೆ ತಿರುಗಿದಳು. ಹುಡುಗಿ ಕೂತಳು. ಆ ಪಾಠವನ್ನು ಅಷ್ಟು ಬೇಗ ಅವಳು ಎಂದೂ ಮುಗಿಸಿರಲಿಲ್ಲ.

ಮುಂದಿನ ಜನವರಿಯಲ್ಲಿ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಚಾವಣಿಗೆಂದು ಖಾನಾಪುರದಿಂದ ಹಂಚು ಬಂತು. ತಂದವನು ಬಾಳಪ್ಪ, ಬಾಳಾಸಾಹೇಬನ ಭಟ್ಟಿಯ ಹೊಸ ಡ್ರೈವರು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ. ವರಾಂಡದಲ್ಲಿ ಹೊರಟಿದ್ದ ಚಂದ್ರವ್ವನನ್ನು ಈರಯ್ಯ ಹೆಸರು ಹಿಡಿದು ಕರೆದದ್ದನ್ನು ಕೇಳಿ ಬಾಳಪ್ಪ ಓಡಿ ಬಂದ.

"ನೀವ ಏನ್ರೀ ಚಂದ್ರವ್ವ ಬಾಯಾರಂದ್ರ! ನಮ್ಮ ಲಾರಿ ಸ್ಟ್ಯಾಂಡಿನ್ಯಾಗ ನಿಮ್ಮ ಲೆಕ್ಕಾ ಎಲ್ಲಾರಿಗೂ ಬಾಯಿಪಾಠ ಐತ್ರಿ."

"ಯಾವ ಲೆಕ್ಕಾ?"

"ಹುರುಳಿ ಮ್ಯಾಲ ಏನರ ಅಡ್ಡ ಬಂದ್ರ ಬ್ರೇಕ್ ಪೂರಾ ತುಳದ ಬಿಡೂದು, ಎರಡನೇ ಮಾತಿಲ್ಲ. ಮೌಲಾಕಾಕಾ ಹೊಸಾ ಡ್ರೈವರ್ ಬಂದ್ರ ಮದಲ ಇದನ್ನ ಹೇಳತಾನ್ರಿ. ಅರ್ಧಾ ತುಳ್ಯಾಂವ ಅಂಜುಬುರಕ, ಕಾಲೇಜಿನ ಬಾಯಾರ ಲೆಕ್ಕಾ ಮಾಡ್ಯಾರ ಅಂತಾನ."

ಚಂದ್ರವ್ವ ಅವನ ಹಣೆಯ ಪಟ್ಟಿ ನೋಡಿದಳು. "ಹಣಿಗೇನಾತು?"

"ಇದಾ?" ಬಾಳಪ್ಪ ಪಟ್ಟಿ ಮುಟ್ಟಿಕೊಂಡು ನಕ್ಕ. "ಮೊನ್ನೆ ಹುರುಳಿ ಮ್ಯಾಲ ಒಂದ ಆಡು ಅಡ್ಡ ಬಂತ್ರಿ. ನಿಮ್ಮ ಲೆಕ್ಕದ ಪ್ರಕಾರ ಪೂರಾ ತುಳದ್ನಿ. ಗಾಡಿ ಜರ್ ಅಂತ ಹೋಗಿ ಗಟಾರದಾಗ ಕುಂತು ಬಿಡ್ತು. ಹಂಚು ಎಲ್ಲಾ ಪುಡಿ. ಆಡು ಮಾತ್ರ ಕಾಳ ತಿನ್ಕೊಂತ ನಿಂತಿತ್ತರಿ, ನನ್ನ ನೋಡಿ ನಗತಿತ್ತೋ ಏನೋ ಮಗಂದು. ಬಾಳಾಸಾಹೇಬ ಬೈದ್ರು. ಕಾಕಾನ ಅಡ್ಡ ಬಂದು, ಇಲ್ಲರೀ, ಹುಡುಗ ಬರೊಬ್ಬರಿ ಮಾಡ್ಯಾನ, ಇದಕಿಂತ ಚೊಲೋದು ಯಾರಿಗೂ ಮಾಡಾಕ ಬರಾಂಗಿಲ್ಲ ಅಂದ."

ಅವಳದೇ ಮಾತು. ಅವಳು ಅದನ್ನು ಒಬ್ಬ ಮನುಷ್ಯನ ಹಸಿವೆಗೆಂದು ಕೊಟ್ಟಿದ್ದಳು. ಅವನು ಅದನ್ನು ವಿದ್ಯೆಯೆಂದು ತೆಗೆದುಕೊಂಡು ಊರಿಗೆಲ್ಲ ಹಂಚಿದ್ದ. ಖಾನಾಪುರದಿಂದ ಬೀಡಿಯ ತನಕ ಈಗ ರಸ್ತೆಯ ಮೇಲೆ ಹುರುಳಿ ಬಿದ್ದಿತ್ತು. ಹೆಂಗಸರು ಕೋಲು ಹಿಡಿದು ಅದರ ನಡುವೆ ನಿಂತಿರುತ್ತಿದ್ದರು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವಳು ಖಾನಾಪುರದ ಬಸ್ಸು ಹತ್ತಿದಳು.

ಭಟ್ಟಿಗಳ ಹಿಂದಿನ ಓಣಿಯಲ್ಲಿ ಮೌಲಾಸಾಬನ ಮನೆ. ಅವನು ಆಗ ತಾನೇ ಊಟಕ್ಕೆ ಕೂತಿದ್ದ. ಮೈ ತುಂಬಿಕೊಂಡಿತ್ತು, ಗಡ್ಡ ಒಪ್ಪವಾಗಿತ್ತು. "ಬಾರವ್ವಾ ಚಂದ್ರೂ! ಏ, ಇನ್ನೊಂದು ತಾಟ ಹಚ್ಚ," ಎಂದು ಕೂಗಿದ. ರಾಜಬೀ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಅವಳ ಗಲ್ಲ ಸವರಿದಳು. "ನೋಡ, ಹೆಂಗ ಉಣ್ಣತಾನ. ಎಲ್ಲಾ ನಿನ್ನ ಪುಣ್ಯಾ."

"ಊಟಾ ಆಗಲಿ ಕಾಕಾ. ಆಮ್ಯಾಲ ಒಂದ ಮಾತೈತಿ."

"ಮಾತಿಗೇನು, ಬಾಯಿ ಎರಡೂ ಮಾಡತೈತಿ. ಹೇಳ."

ಚಂದ್ರವ್ವ ಕೂರದೆ ಕಂಬಕ್ಕೆ ಒರಗಿ ನಿಂತಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮೆತ್ತನೆಯ ಮಾತುಗಳು ಒಂದೂ ನೆನಪಾಗಲಿಲ್ಲ. "ಹ್ವಾದ ವರ್ಷ ನೀವು ಕೇಳಿದಾಗ ನಾ ಸುಳ್ಳ ಹೇಳಿದ್ನಿ. ಹುರುಳಿ ಮ್ಯಾಲ ಬ್ರೇಕ್ ಪೂರಾ ತುಳೀಬಾರದು. ಗಾಲಿ ನಿಂತು ಬಿಟ್ರ ಜಾರತಾವು. ಬಾಳಪ್ಪಗ ಆಗಿದ್ದೂ ಅದ. ನೀವು ಯಾರಿಗೂ ಹಂಗ ಹೇಳಬ್ಯಾಡ್ರಿ."

ಮೌಲಾಸಾಬನ ಕೈ ತಾಟಿನಲ್ಲೇ ಇತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಮತ್ತ ಹೆಂಗ ತುಳೀಬೇಕು?" ಎಂದ ಅವನು, ಸಣ್ಣ ದನಿಯಲ್ಲಿ.

"ಗಾಲಿ ತಿರುಗೂದು ನಿಲ್ಲಬಾರದು, ಅಷ್ಟ. ಜಾರಾಕ ಹತ್ತಿತು ಅನಿಸಿದ್ರ ಕಾಲು ಸಡ್ಲ ಬಿಡೂದು. ಗಾಲಿ ತಿರುಗಿದ ಕೂಡ್ಲೆ ಮತ್ತ ತುಳಿಯೂದು. ಬಿಟ್ಟ ಬಿಟ್ಟ ತುಳಿಯೂದು."

"ರಾಡ್ಯಾಗ ಹ್ಯಾಂಗೋ ಹಂಗ."

"ಹೂಂ ಕಾಕಾ. ಒಣಾ ಹುರುಳಿನೂ ರಾಡೀನ."

"ಗಾಲಿ ತಿರಗತಿದ್ರ ಸ್ಟೇರಿಂಗ್?"

"ಕೇಳತೈತಿ."

"ಬಲಕ್ಕ ಹೋಗತಿತ್ತು ಗಾಡಿ?"

"ಹೋಗತಿತ್ತು."

"ಬಲಕ್ಕ ಖಾಲಿ ಇತ್ತು," ಎಂದ ಮೌಲಾಸಾಬ. ಅದು ಅವಳಿಗೆ ಹೇಳಿದ್ದಲ್ಲ. ಕೇಳಬೇಕಾದದ್ದು ಉಳಿದಿರಲಿಲ್ಲ.

ರಾಜಬೀ ಬಾಗಿಲಿಗೆ ಬಂದಿದ್ದಳು. "ಯಾಕ ಹೇಳಿದಿ?" ಅವಳ ದನಿ ಏರಿತು. "ಒಂದ ವರ್ಷ ಆತು, ಗಾಯ ಮಾಯಿತ್ತು. ಬಂದು ಕೆದರಿದಿ. ನಿನಗೇನ ಸಿಕ್ತವಾ? ಬ್ರೇಕಿನ ಮಾತಷ್ಟ ಹೇಳಿ ಹೋಗಬೇಕಿತ್ತು, ಇದು ಹೊಸಾ ಲೆಕ್ಕಾ ಅಂತ. ಅವತ್ತಿಂದು ಯಾಕ ತಗದಿ?"

ಹಾಗೆ ಹೇಳಬಹುದೆಂದು ಬಸ್ಸಿನಲ್ಲಿ ಚಂದ್ರವ್ವನಿಗೂ ಹೊಳೆದಿತ್ತು. ಆದರೆ ಮೌಲಾಸಾಬ ಡ್ರೈವರು. ಇಂದಿನ ಮಾತು ಕೇಳಿದ ಮೇಲೆ ಅಂದಿನ ರಸ್ತೆಯನ್ನು ಅವನು ಮನಸ್ಸಿನಲ್ಲಿ ತಾನೇ ಮತ್ತೆ ನೋಡದೆ ಇರುತ್ತಿರಲಿಲ್ಲ. ಅವಳು ಇನ್ನೂ ಮುಚ್ಚಿಡುತ್ತಿದ್ದಾಳೆಂಬುದೂ ಆಗ ಅವನಿಗೆ ತಿಳಿಯುತ್ತಿತ್ತು, ಆ ಭಾರವನ್ನು ಒಬ್ಬನೇ ಹೊರುತ್ತಿದ್ದ.

"ಸುಮ್ಮನಿರ," ಎಂದು ಅವನು ಹೆಂಡತಿಗೆ ಹೇಳಿದ. ತಾಟು ಸರಿಸಿ, ಕೈ ತೊಳೆದು, ಟೋಪಿ ಹಾಕಿಕೊಂಡು ಹೊರಗೆ ನಡೆದ. ಚಂದ್ರವ್ವ ಹಿಂದೆಯೇ ಹೋದಳು.

ಲಾರಿ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಆಲದ ನೆರಳಲ್ಲಿ ಇಸ್ಪೀಟು ಎಲೆ ಆಡುತ್ತಿದ್ದರು. ಬಾಳಪ್ಪನೂ ಇದ್ದ. ಮೌಲಾಸಾಬ ಎಲೆಗಳ ನಡುವೆಯೇ ಹೋಗಿ ನಿಂತ.

"ಏ, ಕೇಳ್ರಿಲ್ಲೆ. ಹುರುಳಿ ಮ್ಯಾಲ ಪೂರಾ ಬ್ರೇಕ್ ತುಳೀಬ್ಯಾಡ್ರಿ. ನಾ ಹೇಳಿದ್ದು ತಪ್ಪು. ಬಾಯಾರು ಬರೊಬ್ಬರಿನ ಹೇಳಿದ್ರು, ನಾ ಉಲ್ಟಾ ತಿಳಕೊಂಡಿದ್ನಿ."

"ಅಲ್ಲೋ ಕಾಕಾ, ನನ್ನ ಹಣಿ ಒಡದ ಮ್ಯಾಲ ಹೇಳತಿ?" ಎಂದ ಬಾಳಪ್ಪ. ಎಲ್ಲರೂ ನಕ್ಕರು.

"ಇಲ್ಲ." ಚಂದ್ರವ್ವ ಮುಂದೆ ಬಂದಳು. "ಅವರು ಉಲ್ಟಾ ತಿಳಕೊಂಡಿಲ್ಲ. ನಾನ ಸುಳ್ಳ ಹೇಳಿದ್ನಿ, ಗೊತ್ತಿದ್ದೂ ಹೇಳಿದ್ನಿ."

ನಗು ನಿಂತಿತು. ಗಂಡಸರು ಅವಳನ್ನೂ ಅವನನ್ನೂ ನೋಡಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಕಾಶವ್ವನ ಸಾವು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಬ್ಬ ಎಲೆಗಳನ್ನು ಕೂಡಿಸಿ ಕಿಸೆಯಲ್ಲಿ ಹಾಕಿಕೊಂಡ.

ಮೌಲಾಸಾಬ ಅವರಿಗೆ ಕಾಲಿನಿಂದ ನೆಲ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ತೋರಿಸಿದ. "ನಾ ಅವತ್ತ ಹಿಂಗ ಮಾಡಿದ್ರ ಆಕಿ ಉಳೀತಿದ್ಲು," ಎಂದ. ಪಾಠ ಹೇಳುವ ದನಿಯಲ್ಲೇ ಹೇಳಿದ. ಆಮೇಲೆ ಗುಂಪಿನಿಂದ ಹೊರಗೆ ಬಂದು ಬಸ್ ನಿಲ್ದಾಣದ ದಾರಿಯಲ್ಲಿ ಅವಳ ಜೊತೆ ಸ್ವಲ್ಪ ದೂರ ನಡೆದ. ಅವಳನ್ನು ಅವನು ನೋಡುತ್ತಿರಲಿಲ್ಲ.

"ಹುರುಳಿ ಇರಲಿಲ್ಲಂದ್ರ ಪೂರಾ ತುಳದ್ರೂ ಗಾಡಿ ನಿಲ್ಲತಿತ್ತು. ಹೌದಲ್ಲ?"

ಅವಳು ಹೌದೆಂದು ತಲೆಯಾಡಿಸಿದಳು. ನಿಲ್ಲುತ್ತಿತ್ತು.

"ಸಿದ್ದಪ್ಪಗ ಅದನ್ನ ಹೇಳಬ್ಯಾಡ. ರಾಶಿ ಹಾಸಿದಾಂವ ಅವನ. ಹೆಣ್ತೀನ ಕಳಕೊಂಡಾನ, ಮ್ಯಾಲ ಇದೊಂದು ಅವನ ತಲೀಗಿ ಬ್ಯಾಡ. ಅಂವ ನನ್ನ ಬೈಕೊಂಡ ಇರಲಿ. ನನಗ ರೂಢಿ ಆಗೇತಿ."

ಅವನು ಅಲ್ಲಿಂದಲೇ ತಿರುಗಿ ಹೋದ. ಬೆಳಗಾವಿಯ ಬಸ್ಸು ಹೊರಡಲು ಸಿದ್ಧವಾಗಿತ್ತು; ಕಂಡಕ್ಟರು "ಬೆಳಗಾವಿ, ಬೆಳಗಾವಿ" ಎಂದು ಬಾಗಿಲು ಬಡಿಯುತ್ತಿದ್ದ. ಆಚೆ ಬೀಡಿಯ ಬಸ್ಸು ನಿಂತಿತ್ತು. ಮತ್ತೊಬ್ಬರ ಮೇಲಿನ ಕರುಣೆಯಿಂದ ಇನ್ನೊಂದು ಮಾತನ್ನು ನುಂಗುವುದು ಸುಲಭವಾಗಿತ್ತು, ಅವಳಿಗೆ ಅದರ ರುಚಿ ಗೊತ್ತಿತ್ತು. ಚಂದ್ರವ್ವ ಬೀಡಿಯ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಹುರುಳಿ. ಬಸ್ಸಿನ ಗಾಲಿ ಅದರ ಮೇಲೆ ಹಾಯುವಾಗ ಚಟಚಟ ಸದ್ದು ಬರುತ್ತಿತ್ತು, ಪ್ರತಿ ರಾಶಿಯ ಬಳಿಯೂ ಅವಳ ಕಾಲು ತಾನಾಗಿ ಬಸ್ಸಿನ ನೆಲವನ್ನು ಒತ್ತಿ ಸಡಿಲಿಸುತ್ತಿತ್ತು. ಇಳಿಜಾರಿನಲ್ಲಿ ಅಣ್ಣನ ಹೊಲದ ಮುಂದೆ ಮಾತ್ರ ಡಾಂಬರು ಬರಿದಾಗಿತ್ತು.

ಮನೆಯ ಹಿತ್ತಲಲ್ಲಿ ಸಿದ್ದಪ್ಪ ಕಣ ಮಾಡಿದ್ದ. ನಡುವೆ ಮೇಟಿಗಂಬ ನೆಟ್ಟು, ಎತ್ತು ಕಟ್ಟಿ ಹುರುಳಿ ತುಳಿಸುತ್ತಿದ್ದ. ಆ ಊರಿನಲ್ಲಿ ಕಣ ಕಂಡು ಎಷ್ಟೋ ವರ್ಷವಾಗಿತ್ತು. ತಂಗಿಯನ್ನು ಕಂಡು ಅವನು ಎತ್ತು ನಿಲ್ಲಿಸಲಿಲ್ಲ, ಸುತ್ತುತ್ತಲೇ ಮಾತಾಡಿಸಿದ.

"ಏನು, ಸುದ್ದಿ ಇಲ್ದಂಗ ಬಂದಿ? ಒಳಗ ಹೋಗು, ನೀರು ಕುಡಿ."

"ರಸ್ತಾದ ಮ್ಯಾಲ ಹಾಕಿಲ್ಲಲ್ಲ ಅಣ್ಣಾ ಈ ಸಲ."

"ಹಾಕಿಲ್ಲ." ಅವನು ಒಂದು ಸುತ್ತು ಮುಗಿಸಿದ. "ಮಂದಿಗೂ ಹೇಳಿ ನೋಡೀನಿ. ಯಾಕ ಅಂತ ಕೇಳತಾರ. ಯಾಕ ಅಂತ ನನ್ನ ಬಾಯಿಂದ ಬರವಲ್ದು."

ಹುರುಳಿಯ ಮಾತು ಅಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಲಾರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

"ನೀ ಮೌಲಾಸಾಬನ ಕಡೆ ಹೋಗಿದ್ದಿಯೇನು?"

"ಅಲ್ಲಿಂದನ ಬಂದೆ. ಬ್ರೇಕ್ ಪೂರಾ ತುಳದಿದ್ದ ತಪ್ಪಾತು ಅಂತ ಹೇಳಿ ಬಂದೆ. ಹುರುಳಿ ಇರಲಿಲ್ಲಂದ್ರ ಆ ತಪ್ಪೂ ನಡೀತಿತ್ತು ಅನ್ನೂದು ಅವನ ತಿಳಕೊಂಡ."

ಎತ್ತುಗಳು ತಾವಾಗಿ ಸುತ್ತುತ್ತಿದ್ದವು. ಸಿದ್ದಪ್ಪ ನಿಂತುಬಿಟ್ಟಿದ್ದ.

"ಏನಂದ?"

"ನಿನಗ ಹೇಳಬ್ಯಾಡ ಅಂದ."

ಸಿದ್ದಪ್ಪ ಹಗ್ಗ ಜಗ್ಗಿ ಎತ್ತು ನಿಲ್ಲಿಸಿದ. ಆಮೇಲೆ ಹಗ್ಗವನ್ನು ತಂಗಿಯ ಕೈಗೆ ಕೊಟ್ಟು, ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಖಾನಾಪುರದ ಬಸ್ಸು ಎಷ್ಟಕ್ಕೈತಿ?" ಎಂದು ಕೇಳಿದ.